ಬಣ್ಣ ಹಚ್ಚದ ತ್ರಿಕೋನ

“ಗಿರಿಜವ್ವಾರ, ಇದರಾಗ ಮಾಸ್ತರು ತಪ್ಪು ತಿದ್ದ್ಯಾರ.”

ಸಬ್ ಇನ್‌ಸ್ಪೆಕ್ಟರ್ ಶಿವರಂಜನಿ ಹಳದಿಗಟ್ಟಿದ ಉತ್ತರಪತ್ರಿಕೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಎದುರಿಗೆ ಮೊರದಲ್ಲಿ ಅಕ್ಕಿ ಹರವಿಕೊಂಡು ಕುಳಿತಿದ್ದ ಮಾಸ್ತರ ಹೆಂಡತಿ ಗಿರಿಜವ್ವ ತಲೆ ಎತ್ತಲಿಲ್ಲ.

“ಊಟ ಮರ್ತಾರು, ಔಷಧ ಮರ್ತಾರು. ತಿದ್ದೋದ್ರಾಗ ಮಾತ್ರ ನಮ್ಮ ಮಾಸ್ತರು ತಪ್ಪಾವರಲ್ಲ ತಂಗಿ.”

ಔಷಧದ ಮಾತು ಬಂದೊಡನೆ ಇಬ್ಬರ ಕಣ್ಣೂ ಫ್ರಿಜ್ಜಿನ ಕಡೆ ಹೋದವು. ಅದರ ಬಾಗಿಲ ಗೂಡಿನಲ್ಲಿ ಇನ್ಸುಲಿನ್ ಸೀಸೆ ಸೋಮವಾರ ಇಟ್ಟಲ್ಲೇ ಇತ್ತು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ನೀಲಿ ಸ್ಕೂಟರ್ ಹತ್ತಿ ಹೋಗಿದ್ದ ನಿವೃತ್ತ ಗಣಿತ ಉಪನ್ಯಾಸಕ ಮಧುಕೇಶ್ವರ ಮಾಸ್ತರು, ಗುರುವಾರವಾದರೂ ಶಿರಸಿಯ ಮನೆಗೆ ಬಂದಿರಲಿಲ್ಲ. ಸೂಜಿ ಇಲ್ಲದೆ ಹೆಚ್ಚೆಂದರೆ ಇನ್ನೊಂದು ದಿನ ತಡೆದಾರು ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಗಿರಿಜವ್ವನ ಮುಂದೆ ಆಡಲು ಶಿವರಂಜನಿಗೆ ಬಾಯಿ ಬಂದಿರಲಿಲ್ಲ.

ಮಾಸ್ತರು ಬಿಟ್ಟುಹೋದ ಸುಳಿವು ಒಂದೇ. ಮೇಜಿನ ಗಾಜಿನಡಿ ಸಿಕ್ಕ ಗ್ರಾಫ್ ಹಾಳೆ.

ಪ್ರಶ್ನೆಪತ್ರಿಕೆಯ ಬಂಡಲು ಒಡೆದನೆಂಬ ಆರೋಪ ಹೊತ್ತು ತಲೆಮರೆಸಿಕೊಂಡಿದ್ದ ಗುಮಾಸ್ತ ಕಾರ್ತಿಕ, ಮಾಸ್ತರ ಅಚ್ಚುಮೆಚ್ಚಿನ ಶಿಷ್ಯ. ಒಡೆದವನು ಬೇರೆ, ತಾನು ಕಣ್ಣಾರೆ ಕಂಡವನು ಅಷ್ಟೆ ಎಂದು ಅವನು ಮಾಸ್ತರಿಗೆ ಮೂರು ಸಲ ಫೋನು ಮಾಡಿದ್ದನೆಂದು ಗಿರಿಜವ್ವ ಹೇಳಿದ್ದಳು. ಯಾರು ಕದ್ದು ಕೇಳುತ್ತಾರೋ ಎಂಬ ಭಯಕ್ಕೆ ಅಡಗಿದ ಊರಿನ ಹೆಸರು ಹೇಳದೆ, ಸಲಕ್ಕೊಂದು ಅಸಮತೆ, ಅಂದರೆ ಇಷ್ಟಕ್ಕಿಂತ ಹೆಚ್ಚು ಇಷ್ಟಕ್ಕಿಂತ ಕಡಿಮೆ ಎನ್ನುವ ಲೆಕ್ಕ, ಹೇಳಿ ಫೋನು ಇಟ್ಟುಬಿಟ್ಟಿದ್ದ. ಕೆಲವರಿಗೆ ಕಷ್ಟಕಾಲದಲ್ಲಿ ದೇವರು ನೆನಪಾಗುತ್ತಾನೆ, ಈ ಗುರುಶಿಷ್ಯರಿಗೆ ಗಣಿತ ನೆನಪಾಗಿತ್ತು.

ಮಾಸ್ತರು ಶಿರಸಿ ಬಸ್‌ಸ್ಟ್ಯಾಂಡನ್ನೇ ಮೂಲಬಿಂದು ಮಾಡಿ, ಒಂದು ಚೌಕಕ್ಕೆ ಒಂದು ಕಿಲೋಮೀಟರು ಹಿಡಿದು, ಮೂರೂ ಮಾತನ್ನು ಮೂರು ಗೆರೆಗಳಾಗಿ ಎಳೆದಿದ್ದರು. ಮೇಲೆ ಯಲ್ಲಾಪುರ, ಕೆಳಗೆ ಸಿದ್ದಾಪುರ. ಒಂದು ಗೆರೆ ಅಡ್ಡ, ಒಂದು ನೆಟ್ಟಗೆ, ಒಂದು ಓರೆ. ಪ್ರತಿ ಗೆರೆಯ ಒಂದು ಬದಿಗೆ ಬಣ್ಣದ ಪೆನ್ಸಿಲ್ಲಿನ ಗೀರು. ದೊಡ್ಡದು ಚಿಕ್ಕದು ಎಂಬ ಚಿಹ್ನೆಯನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಮೇಲಿನ ಎಡಭಾಗದಲ್ಲಿ, ಯಲ್ಲಾಪುರದ ಸುತ್ತ, ಎರಡು ಬಣ್ಣ ಒಂದರ ಮೇಲೊಂದು ಬಿದ್ದು ಕಪ್ಪಾಗಿತ್ತು.

ಸೋರಿಕೆ ಪ್ರಕರಣಕ್ಕೆಂದೇ ರಚಿಸಿದ ವಿಶೇಷ ತಂಡದ ಇನ್‌ಸ್ಪೆಕ್ಟರ್ ಸುಭಾಷ್ ಮಂಗಳವಾರ ಆ ಹಾಳೆ ನೋಡಿ, ಊರಿನ ಟ್ಯುಟೋರಿಯಲ್ಲಿನ ಗಣಿತದ ಮೇಷ್ಟ್ರು ರವೀಂದ್ರನನ್ನು ಠಾಣೆಗೆ ಕರೆಸಿದ್ದ. ಕಪ್ಪಾದ ಭಾಗವೇ ಉತ್ತರ ಎಂದು ರವೀಂದ್ರ ಹೇಳಿದ. ಶಿವರಂಜನಿ ಹಾವೇರಿಯಲ್ಲಿ ಪಿಯುಸಿ ಓದಿದವಳು. ಬಣ್ಣ ಹಚ್ಚಿದ್ದೇ ಉತ್ತರ ಎಂದು ಅವಳಿಗೂ ಕಲಿಸಿದ್ದರು. ಮೂರೂ ಬಣ್ಣ ಕೂಡಿದ ಜಾಗ ಎಲ್ಲೂ ಕಾಣದಿದ್ದರೂ, ಎರಡು ಕೂಡಿದ್ದೇ ಸಾಕೆಂದು ಯಲ್ಲಾಪುರದ ಕಡೆ ಹೊರಟಳು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಎರಡು ದಿನ ಕಾಡೆಲ್ಲ ಜಾಲಾಡಿದ ಅವಳಿಗೆ ಇಲಿಯೂ ಸಿಕ್ಕಿರಲಿಲ್ಲ.

ಈಗ ಬೇರೆ ಏನಾದರೂ ಸುಳಿವು ಸಿಗಬಹುದೇ ಎಂದು ಮಾಸ್ತರ ಕಪಾಟು ಬಿಚ್ಚಿ ಕುಳಿತಿದ್ದಳು. ಒಳ್ಳೆಯ ಉತ್ತರಪತ್ರಿಕೆ ಕಂಡರೆ ಎತ್ತಿಟ್ಟುಕೊಳ್ಳುವ ಚಟ ಮಾಸ್ತರಿಗೆ. ಹುರಿಯಿಂದ ಕಟ್ಟಿದ ಒಂದು ಕಟ್ಟನ್ನು ಗಿರಿಜವ್ವನೇ ಅಟ್ಟದಿಂದ ಇಳಿಸಿ ಕೊಟ್ಟಿದ್ದಳು. ಅದರ ಮೇಲಿನ ಹಾಳೆ ಈಗ ಶಿವರಂಜನಿಯ ಕೈಯಲ್ಲಿತ್ತು.

x + 2y ≤ 8. ಸುಲಭದ ಲೆಕ್ಕ. ಬಹಳ ವರ್ಷದ ಹಿಂದೆ ಕಲಿತದ್ದು ಅವಳ ನಾಲಿಗೆಗೆ ತಾನಾಗಿ ಬಂತು. ಎರಡಕ್ಕೂ ಸೊನ್ನೆ ಹಾಕಿ ನೋಡು. ಸೊನ್ನೆ ಎಂಟಕ್ಕಿಂತ ಚಿಕ್ಕದು, ಮಾತು ನಿಜ. ಅಂದರೆ ಮೂಲಬಿಂದು ಇರುವ ಬದಿಯೇ ಉತ್ತರ. ಆದರೆ ಹುಡುಗ ಬಣ್ಣ ಹಚ್ಚಿದ್ದು ಗೆರೆಯ ಆಚೆಗೆ. ಅಷ್ಟಾದರೂ ಮಾಸ್ತರು ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು ಕೊಟ್ಟಿದ್ದರು.

“ನೋಡ್ರಿ, ಉತ್ತರ ಈ ಕಡೆ ಐತಿ. ಬಣ್ಣ ಆ ಕಡೆ ಬಿದ್ದೈತಿ. ಹತ್ತು ಅಂಕ ಹ್ಯಾಂಗ ಕೊಟ್ರು?”

ಗಿರಿಜವ್ವ ಮೊರದಿಂದ ಒಂದು ಕಲ್ಲು ಹೆಕ್ಕಿ ಬಾಗಿಲಾಚೆ ಎಸೆದಳು.

“ನಾ ಸಾಲಿ ಕಲಿತಾಕಿ ಅಲ್ಲ. ಆದ್ರ ಈ ಪಡಸಾಲ್ಯಾಗ ಹುಡುಗ್ರಿಗೆ ಪಾಠ ಹೇಳುವಾಗ ನನ್ನ ಮೊರ ತೋರಿಸಿ ಹೇಳ್ತಿದ್ರು. ‘ಅಕ್ಕಿ ಹಸನ ಮಾಡುವಾಗ ಯಾರರ ಅಕ್ಕಿ ಆರಿಸಿ ತೆಗೀತಾರೇನು? ಕಲ್ಲು ತೆಗೀತಾರ. ಹಂಗ ಬ್ಯಾಡಾದ ಕಡೆ ಬಣ್ಣ ಹಚ್ಚರಿ, ಬೇಕಾದ್ದು ಸ್ವಚ್ಛ ಉಳೀತೈತಿ’ ಅಂತ.”

ಶಿವರಂಜನಿಯ ಕೈ ಅಲ್ಲೇ ನಿಂತಿತು.

“ಎಲ್ಲಾ ಹುಡುಗ್ರಿಗೂ ಹಂಗೇ ಕಲಿಸಿದ್ರೇನು?”

“ಮೂವತ್ತು ವರ್ಷ. ಬ್ಯಾರೆ ಕಾಲೇಜಿನಾವ್ರು ನಕ್ರೂ ಬಿಡಲಿಲ್ಲ.”

ಶಿವರಂಜನಿ ಗಡಬಡಿಸಿ ಮೊಬೈಲಿನಲ್ಲಿದ್ದ ಗ್ರಾಫ್ ಹಾಳೆಯ ಚಿತ್ರ ತೆಗೆದಳು. ಬಣ್ಣವೆಲ್ಲ ಕಲ್ಲು. ಹಾಗಾದರೆ ಅಕ್ಕಿ ಎಲ್ಲಿ? ಕೆಳಗೆ, ಸಿದ್ದಾಪುರಕ್ಕೆ ಹೋಗುವ ರಸ್ತೆಯ ಪಡುವಣಕ್ಕೆ, ಮೂರು ಗೆರೆಗಳ ನಡುವೆ ಒಂದು ತ್ರಿಕೋನ ಬೆಳ್ಳಗೆ ಕುಳಿತಿತ್ತು. ಎರಡು ದಿನದಿಂದ ಅವಳ ಕಣ್ಣೆದುರೇ ಇದ್ದ ಜಾಗ. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಎರಡು ದಿನ! ಸೂಜಿ ಇಲ್ಲದ ಆ ಮುದುಕನ ಪಾಲಿಗೆ ಎರಡು ದಿನ ಎಂದರೇನು?

ಆಗ ಉತ್ತರಪತ್ರಿಕೆಯ ತುದಿಯಲ್ಲಿದ್ದ ಹೆಸರು ಕಣ್ಣಿಗೆ ಬಿತ್ತು.

ರವೀಂದ್ರ. ಪಿಯುಸಿ ಮೊದಲ ವರ್ಷ.

“ಈ ರವೀಂದ್ರ ಟ್ಯುಟೋರಿಯಲ್ ಮೇಷ್ಟ್ರೇನು?”

“ಅಂವನ. ಅಂವ, ಅವನ ಜೋಡಿ ಇನ್ನೊಬ್ಬ. ಇಬ್ರೂ ಇದೇ ಚಾಪಿ ಮ್ಯಾಲ ಕುಂತು ಕಲಿತವ್ರು. ಒಬ್ಬಂಗ ಒಂದು ಅಂಕ ಹೆಚ್ಚು ಬಂದ್ರ ಇನ್ನೊಬ್ಬ ಉಪ್ಪಿಟ್ಟು ಮುಟ್ತಿರಲಿಲ್ಲ. ಆ ಇನ್ನೊಬ್ಬನ ಹೆಸರು ನಾಲಿಗಿ ತುದ್ಯಾಗೈತಿ ನೋಡು, ಬರವಲ್ದು. ದೊಡ್ಡ ನೌಕರಿ ಸಿಕ್ಕು ದೂರ ಹೋದ. ಆಮ್ಯಾಲ ಈ ಕಡೆ ಮುಖ ಹಾಕಲಿಲ್ಲ.”

ಇನ್ನೊಬ್ಬನ ವಿಚಾರ ಶಿವರಂಜನಿಗೆ ಬೇಕಿರಲಿಲ್ಲ. ಮಾಸ್ತರ ಪದ್ಧತಿ ಗೊತ್ತಿದ್ದೂ ತನ್ನನ್ನು ಯಲ್ಲಾಪುರಕ್ಕೆ ಅಟ್ಟಿದ ರವೀಂದ್ರನೊಬ್ಬನೇ ಅವಳ ತಲೆ ತುಂಬ ಕುಳಿತಿದ್ದ.

ಹೊರಗೆ ಬಂದು ಹೆಡ್ ಕಾನ್‌ಸ್ಟೆಬಲ್ ಮಾಸ್ತಿಗೆ ಫೋನು ಹಚ್ಚಿದಳು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಮಾಸ್ತಿ ವಾರದ ರಜೆಗೆ ಸಿದ್ದಾಪುರದ ಕಡೆಯ ತನ್ನ ಊರು ಮನ್ಮನೆಗೆ ಹೋಗಿದ್ದ. ಗದ್ದೆಯಲ್ಲಿದ್ದನೋ ಏನೋ, ಏದುಸಿರಿನಲ್ಲೇ ಮಾತಾಡಿದ.

“ಮಾಸ್ತಿ, ಒಂದು ಚಿತ್ರ ಕಳಿಸೇನಿ. ಬಣ್ಣ ಇಲ್ಲದ ತ್ರಿಕೋನ ನೋಡು. ಓರೆಗೆರೆ ತುಂಡು ತುಂಡಾಗೈತಿ, ಅಂದ್ರ ಗೆರೆ ಮ್ಯಾಲಿನ ಊರು ಬ್ಯಾಡ, ಒಳಗಿನವಷ್ಟೇ. ಅಲ್ಲೆಲ್ಲಾದ್ರೂ ನೀಲಿ ಸ್ಕೂಟರ್ ಕಂಡೈತೇನು ಕೇಳು.”

“ಆ ಸೀಮೇಲಿ ಊರಿಗೊಬ್ಬ ನೆಂಟ ಇದಾನೆ ಮೇಡಮ್ರೆ. ಫೋನಲ್ಲೇ ವಿಚಾರಿಸ್ತೆ.”

“ವೈರ್‌ಲೆಸ್ ಬ್ಯಾಡ. ಠಾಣೆಗೂ ಹೇಳಬ್ಯಾಡ, ಸುದ್ದಿ ಟ್ಯುಟೋರಿಯಲ್ ಮೇಷ್ಟ್ರ ಕಿವಿಗೆ ಬಿದ್ದೀತು. ಹೋಗೋ ದಾರ್ಯಾಗ ಸಿದ್ದಾಪುರದ ಔಷಧಿ ಅಂಗಡ್ಯಾಗ ಇನ್ಸುಲಿನ್ ತಗೋ. ಚೀಟಿ ಫೋಟೋ ಕಳಿಸ್ತೇನಿ.”

ಉತ್ತರಪತ್ರಿಕೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಜೀಪು ಹತ್ತಿದಳು. ಗಿರಿಜವ್ವ ಬಾಗಿಲಿಗೆ ಬಂದು ನಿಂತಿದ್ದಳು.

“ಮಂಗಳವಾರ ನಿನ್ನ ಸಂಗಾಟ ಬಂದಿದ್ದ ದೊಡ್ಡ ಸಾಹೇಬ್ರು ಜೀಪಿನಾಗ ಕುಂತಬಿಟ್ರು. ಇನ್ನೊಮ್ಮೆ ಬಂದ್ರ ಒಳಗ ಕರಕೊಂಡು ಬಾ ತಂಗಿ, ಒಂದು ಕಪ್ ಚಾನರ ಕುಡೀಲಿ.”

ಆಗಲಿ ಎಂದು ಶಿವರಂಜನಿ ತಲೆಯಾಡಿಸಿದಳು. ಅವಳ ಮನಸ್ಸು ಆಗಲೇ ಟ್ಯುಟೋರಿಯಲ್ಲಿನ ಮೆಟ್ಟಿಲು ಹತ್ತುತ್ತಿತ್ತು.

ರವೀಂದ್ರನ ತರಗತಿ ಹನ್ನೆರಡಕ್ಕೆ ಬಿಟ್ಟಿತು. ಮಕ್ಕಳು ಇಳಿದು ಹೋಗುವ ತನಕ ಅವಳು ಜೀಪಿನಲ್ಲೇ ಕಾದಳು. ಮಕ್ಕಳೆದುರು ಮೇಷ್ಟ್ರ ಮಾನ ತೆಗೆಯುವುದು ಅವಳಿಗೆ ಇಷ್ಟವಿರಲಿಲ್ಲ. ತೆಗೆಯಬೇಕಾದ್ದು ಸತ್ಯ ಮಾತ್ರ.

ಅವಳು ಒಳಗೆ ಹೋದಾಗ ಅವನು ಸೀಮೆಸುಣ್ಣ ಮೆತ್ತಿದ ಕೈ ಒರೆಸಿಕೊಳ್ಳುತ್ತಿದ್ದ. ನಲವತ್ತೈದರ ಆಸುಪಾಸು, ನೀಟಾಗಿ ಇಸ್ತ್ರಿ ಮಾಡಿದ ಅಂಗಿ. ಎರಡು ದಿನದಿಂದ ನಿದ್ದೆ ಮಾಡದ ಕಣ್ಣು.

“ಮಾಸ್ತರು ಸಿಕ್ಕಿದ್ರಾ ಮೇಡಂ?” ಅವನೇ ಮೊದಲು ಕೇಳಿದ.

“ನೀವು ಹೇಳಿದ ಕಡೆ ಸಿಗಲಿಲ್ಲ.”

ಕಟ್ಟಿನ ಮೇಲಿನ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. ತನ್ನದೇ ಎಳೆಯ ಅಕ್ಷರ ನೋಡಿ ರವೀಂದ್ರನ ಮುಖದಲ್ಲಿ ಒಂದು ಗಳಿಗೆ ಖುಷಿಯೇ ಕಂಡಿತು. ಆಮೇಲೆ ಆ ಖುಷಿ ಇಳಿದುಹೋಯಿತು.

“ಇದು ಇನ್ನೂ ಇತ್ತಾ?”

“ಐತಿ. ಬ್ಯಾಡಾದ ಕಡೆ ಬಣ್ಣ ಹಚ್ಚಿ ಹತ್ತಕ್ಕೆ ಹತ್ತು ತಗೊಂಡೀರಿ. ಮತ್ತ ಮಂಗಳವಾರ ಬಣ್ಣ ಹಚ್ಚಿದ್ದೇ ಉತ್ತರ ಅಂದ್ರಿ. ಯಾಕ?”

“ಎಂತ ಮಾರಾಯ್ರೆ ಇದು! ಇಪ್ಪತ್ತೇಳು ವರ್ಷದ ಹಿಂದಿನ ಕಥೆ. ಈಗ ಪುಸ್ತಕದಲ್ಲಿ ಬೇಕಾದ ಕಡೆಗೇ ಬಣ್ಣ ಹಚ್ತಾರೆ. ನಾನೂ ಹಾಗೇ ಕಲಿಸೋದು. ಮಾಸ್ತರ ಪದ್ಧತಿ ಮರ್ತೇ ಹೋಗಿತ್ತು.”

ಮಾತು ಸರಿಯಾಗಿಯೇ ಇತ್ತು. ಇಪ್ಪತ್ತೇಳು ವರ್ಷದಲ್ಲಿ ಮನುಷ್ಯ ಏನೇನೋ ಮರೆಯುತ್ತಾನೆ. ಶಿವರಂಜನಿಯ ಅನುಮಾನ ಒಂದು ಹೆಜ್ಜೆ ಹಿಂದೆ ಸರಿಯುವುದರಲ್ಲಿತ್ತು.

ಅಷ್ಟರಲ್ಲಿ ಅವನ ಕೈ ಡಸ್ಟರಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

“ಬೋರ್ಡು ಒರಸಬ್ಯಾಡ್ರಿ.”

ರವೀಂದ್ರ ನಿಂತ. ಅವನ ಬೆನ್ನ ಹಿಂದೆ ಈಗಷ್ಟೇ ಮುಗಿದ ಪಾಠ ಹಾಗೇ ಇತ್ತು. 3x + 2y ≥ 12. ಬಿಳಿ ಸೀಮೆಸುಣ್ಣದಲ್ಲಿ ಎಳೆದ ಗೆರೆ, ಅದರ ಒಂದು ಬದಿಗೆ ಹಳದಿ ಬಣ್ಣ.

“ಸೊನ್ನೆ ಹಾಕಿ ನೋಡೋಣ,” ಎಂದಳು ಶಿವರಂಜನಿ. “ಸೊನ್ನೆ ಹನ್ನೆರಡಕ್ಕಿಂತ ದೊಡ್ಡದಲ್ಲ. ಮಾತು ಸುಳ್ಳು. ಅಂದ್ರ ಮೂಲಬಿಂದು ಇರೋ ಕಡೆ ಬ್ಯಾಡಾದ್ದು. ನೀವು ಬಣ್ಣ ಹಚ್ಚಿದ್ದು ಎಲ್ಲಿ?”

ಹಳದಿ ಬಣ್ಣ ಮೂಲಬಿಂದುವನ್ನೇ ಮುಚ್ಚಿಕೊಂಡು ಬಿದ್ದಿತ್ತು.

“ಇವತ್ತಿಗೂ ಮಾಸ್ತರ ಪದ್ಧತೀನ ಕಲಿಸ್ತೀರಿ. ನಾಲಿಗಿ ಸುಳ್ಳು ಹೇಳಿದ್ರೂ ಕೈ ರೂಢಿ ಬಿಡಲಿಲ್ಲ.”

ರವೀಂದ್ರ ಮೊದಲ ಬೆಂಚಿನ ಮೇಲೆ ಕುಸಿದು ಕುಳಿತ. ಪೆಟ್ಟು ತಿಂದ ಹುಡುಗರು ಕೂರುವ ಜಾಗ ಅದು.

“ಮಾಸ್ತರಿಗೆ ಕೆಟ್ಟದು ಬಯಸಿದವ ನಾನಲ್ಲ. ದೇವರಾಣೆ.”

“ಅವರಿಗೆ ಇನ್ಸುಲಿನ್ ಇಲ್ಲ, ಗೊತ್ತೈತೇನು? ದೇವರಾಣೆ ಹಾಕಿದ್ರ ಸಕ್ಕರಿ ಇಳಿಯಂಗಿಲ್ಲ.”

“ಗೊತ್ತು. ಅದಕ್ಕೇ ಎರಡು ದಿನದಿಂದ ಅನ್ನ ಇಳೀತಿಲ್ಲ. ನಿಮಗೆ ಫೋನ್ ಮಾಡ್ಬೇಕು ಅಂತ ಹತ್ತು ಸಲ ಕೈಗೆತ್ಕೊಂಡೆ. ನನ್ನ ಮಗಳು ಸ್ಫೂರ್ತಿ ಈ ವರ್ಷ ಪರೀಕ್ಷೆ ಬರೀತಿದಾಳೆ. ಸೋರಿಕೆಯಾದ ಪ್ರಶ್ನೆಪತ್ರಿಕೆ ತಗೊಂಡವರ ಪಟ್ಟೀಲಿ ಅವಳ ಹೆಸರು ಸೇರಿಸ್ತೇವೆ ಅಂದ್ರೆ ಅಪ್ಪನಾದವ ಎಂತ ಮಾಡ್ಬೇಕು?”

“ಯಾರು ಅಂದ್ರು?”

ರವೀಂದ್ರ ತಲೆ ಅಲ್ಲಾಡಿಸಿದ. “ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ರ ದೂರು ಹೇಳ್ಬೇಕಿತ್ತು? ಉತ್ತರ ಹೇಳಿದವನನ್ನ ಹಿಡಿಯೋಕೆ ಬಂದಿದೀರಿ. ಪ್ರಶ್ನೆ ಯಾರು ಕೇಳಿದ್ದು, ಹೇಗೆ ಕೇಳಿದ್ದು, ಅದನ್ನ ಸ್ವಲ್ಪ ನೆನಪು ಮಾಡ್ಕೊಳ್ಳಿ.”

ಶಿವರಂಜನಿ ಮಂಗಳವಾರದ ಠಾಣೆಯನ್ನು ಮನಸ್ಸಿಗೆ ತಂದುಕೊಂಡಳು. ಕುರ್ಚಿಯಲ್ಲಿ ರವೀಂದ್ರ. ಅವನ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಿದ್ದ ಇನ್‌ಸ್ಪೆಕ್ಟರ್ ಸುಭಾಷ್. ‘ಬಣ್ಣ ಹಚ್ಚಿದ್ದೇ ಉತ್ತರ, ಅಲ್ವೇನ್ರಿ ಮೇಷ್ಟ್ರೇ?’ ಪ್ರಶ್ನೆಯೊಳಗೇ ಉತ್ತರವನ್ನೂ ಇಟ್ಟು ಕೇಳಿದ್ದ. ರವೀಂದ್ರ ಹಾಳೆಯಿಂದ ಕಣ್ಣೆತ್ತದೆ, ‘ಹೌದು ಸರ್’ ಎಂದಿದ್ದ. ಇಬ್ಬರೂ ಒಬ್ಬರಿಗೊಬ್ಬರು ಅಪರಿಚಿತರಂತೆ ಇದ್ದರು.

ಅವಳ ಫೋನು ರಿಂಗಾಯಿತು. ಮಾಸ್ತಿ.

“ಮೇಡಮ್ರೆ, ಆ ತ್ರಿಕೋನದ ಒಳಗಿನ ಬಿಳಗೀಲಿ ಸಿಕ್ತು. ಊರಾಚೆ ಒಂದು ಖಾಲಿ ಮನೆ. ಹಿಂದೆ ಹುಲ್ಲು ಮುಚ್ಚಿ ನೀಲಿ ಸ್ಕೂಟರ್ ನಿಲ್ಸಿದಾರೆ.”

“ಮಾಸ್ತರು?”

“ಇಲ್ಲ. ಮನೆಲಿ ಯಾರೂ ಇಲ್ಲ. ಎರಡು ತಟ್ಟೆ, ಎರಡು ಚಾಪೆ, ಮಾಸ್ತರ ಕನ್ನಡಕ. ಅಷ್ಟೇಯ. ಪಕ್ಕದ ಗದ್ದೇಲಿ ಮಂಜಿ ಅಂತ ಒಬ್ಬಳು ಇದ್ಲು. ನಿಮ್ಮ ಜೀಪು ಬಂದು ಇಬ್ರನ್ನೂ ಕರ್ಕೊಂಡು ಹೋಯ್ತಲಾ, ಮತ್ತೆಂತಕ್ಕೆ ಬಂದ್ರಿ ಅಂತ ನನ್ನೇ ಕೇಳ್ತಾಳೆ.”

“ಯಾವ ಜೀಪು?”

“ಪೊಲೀಸ್ ಜೀಪಂತೆ. ‘ಶಿವರಂಜನಿ ಮೇಡಂ ಕಳಿಸಿದಾರೆ’ ಅಂದ್ರಂತೆ. ಹೆಸರು ಕೇಳಿದ ಮೇಲೆ ‘ಅವರಾದ್ರೆ ಅಡ್ಡಿಲ್ಲ’ ಅಂತ ಆ ಹುಡುಗ ಬಾಗಿಲು ತೆಗೆದ್ನಂತೆ. ಮಾಸ್ತರಿಗೆ ನಡೆಯಕ್ಕೆ ಆಗ್ತಿರಲಿಲ್ಲ, ಎತ್ತಿ ಕೂರಿಸಿದ್ರಂತೆ. ನೀವು ಕಳಿಸಿದ್ದಾ ಮೇಡಮ್ರೆ?”

“ಎಷ್ಟು ಗಂಟೆಗೆ?”

“ಹತ್ತು ಗಂಟೆಗೆ. ಬಸ್ಸು ಹೋದ ಮೇಲೆ ಅಂದ್ಲು.”

ಹತ್ತು ಗಂಟೆಗೆ ಆ ತ್ರಿಕೋನದ ಅರ್ಥ ಅವಳಿಗೇ ಗೊತ್ತಿರಲಿಲ್ಲ. ಅವಳು ಯಲ್ಲಾಪುರದ ಕಾಡಿನಲ್ಲಿ ಪೊದೆ ಬಗ್ಗಿಸಿ ನೋಡುತ್ತಿದ್ದ ಎರಡು ದಿನವೂ ಯಾರೋ ಬಿಳಿ ಜಾಗದಲ್ಲಿ ಊರಿಂದೂರಿಗೆ ಅಲೆದಿದ್ದರು. ಮಾಸ್ತರ ಪದ್ಧತಿ ಬಲ್ಲವರು. ಪೊಲೀಸ್ ಜೀಪು ಉಳ್ಳವರು.

ಕಟ್ಟಿನ ಹುರಿಯನ್ನು ಎಳೆದಳು. ಗಂಟು ಬಿಚ್ಚದೆ ಹಲ್ಲಿನಿಂದ ಕಚ್ಚಿ ಎಳೆದಳು. ಎರಡನೆಯ ಉತ್ತರಪತ್ರಿಕೆ ಮೇಲೆ ಬಂತು. ಅದೇ ಪ್ರಶ್ನೆ, ಅದೇ ಗೆರೆ, ಬಣ್ಣ ಗೆರೆಯ ಆಚೆಗೆ. ಹತ್ತಕ್ಕೆ ಒಂಬತ್ತು.

ತುದಿಯಲ್ಲಿದ್ದ ಹೆಸರನ್ನು ಓದುವ ಮೊದಲೇ, ಕೊನೆಯ ಅಕ್ಷರವನ್ನು ಕೊಕ್ಕೆಯಂತೆ ಮೇಲಕ್ಕೆ ಎಳೆದಿದ್ದ ರೀತಿ ನೋಡಿಯೇ ಅವಳು ಗುರುತು ಹಿಡಿದಳು. ಎರಡು ದಿನವೂ ಯಲ್ಲಾಪುರಕ್ಕೆ ಹೋಗಿ ಎಂಬ ಆದೇಶದ ಕೆಳಗಿನ ಸಹಿಯಲ್ಲಿ ಅದೇ ಕೊಕ್ಕೆ ಇತ್ತು.

ಸುಭಾಷ್.

“ಒಂದೇ ಬೆಂಚು,” ಎಂದ ರವೀಂದ್ರ, ನೆಲ ನೋಡುತ್ತ. “ಒಂದು ಅಂಕ ಕಡಿಮೆ ಬಂತು ಅಂತ ಅವತ್ತು ಮಾಸ್ತರ ಎದುರೇ ಹಾಳೆ ಎಸೆದು ಹೋಗಿದ್ದ.”

ಶಿವರಂಜನಿಯ ಕೈಯಲ್ಲಿ ಫೋನು ಮತ್ತೆ ರಿಂಗಾಯಿತು. ತೆರೆಯ ಮೇಲೆ ಹೆಸರು ಮೂಡಿತ್ತು: ಸುಭಾಷ್ ಸರ್. ರವೀಂದ್ರ ಅದನ್ನು ಓದಿ ಬೆಂಚಿನಿಂದ ಎದ್ದು ಗೋಡೆಗೆ ಒರಗಿದ.

ಅವಳು ಫೋನು ಎತ್ತಿದಳು. “ಹೇಳ್ರಿ ಸರ್.”

“ಎಲ್ಲಿದ್ದೀರಿ ಶಿವರಂಜನಿ?” ಸುಭಾಷ್‌ನ ದನಿ ಎಂದಿನಂತೆ ಸಮಾಧಾನವಾಗಿಯೇ ಇತ್ತು. “ಒಂದು ಹಳೇ ಉತ್ತರಪತ್ರಿಕೆ ಕಟ್ಟು ನೀವು ತಗೊಂಡು ಹೋದ್ರಂತೆ. ಅದನ್ನ ತಗೊಂಡು ಬನ್ನಿ. ಒಬ್ಬರೇ ಬನ್ನಿ.”

“ಎಲ್ಲಿಗೆ ಸರ್?”

“ಇಲ್ಲೊಂದು ಫ್ರಿಜ್ಜಿದೆ. ಅದರ ಬಾಗಿಲಲ್ಲಿ ಒಂದು ಸೀಸೆ ಇದೆ. ಆ ಸೀಸೆ ಯಾರಿಗೆ ಬೇಕು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅವರು ಎಲ್ಲಿದ್ದಾರೆ ಅನ್ನೋದು ಮಾತ್ರ ನನಗೊಬ್ಬನಿಗೇ ಗೊತ್ತು.”

ಅವನ ಮಾತಿನ ಹಿಂದೆ ಚಹಾದ ಕಪ್ಪು-ಬಸಿಯ ಸದ್ದಾಯಿತು. ಆಮೇಲೆ ಗಿರಿಜವ್ವನ ದನಿ, ಸಂತೋಷದಿಂದ:

“ಚಾ ಆರತೈತಿ, ಕುಡಿಯಪ್ಪಾ. ಆಗಿಂದ ನಾಲಿಗಿ ತುದ್ಯಾಗಿತ್ತು ನೋಡು, ನಿನ್ನ ಹೆಸರು ಈಗ ನೆನಪಾತು.”